ಡಿಂಗಲ್ ಎಂಬ ಹೆಸರು ಬಂದ ದಾರಿ

ಐರ್ಲೆಂಡಿನ ನೈಋತ್ಯ ಮೂಲೆಯಲ್ಲಿ ಕೆರಿ ಎಂಬ ಕೌಂಟಿಯಿದೆ. ಅಲ್ಲಿಂದ ಅಟ್ಲಾಂಟಿಕ್ ಸಾಗರದೊಳಕ್ಕೆ ಉದ್ದವಾಗಿ ಚಾಚಿಕೊಂಡಿರುವ ಪರ್ಯಾಯ ದ್ವೀಪವೊಂದರ ದಕ್ಷಿಣ ದಡದಲ್ಲಿ, ಮೂರು ಕಡೆ ಗುಡ್ಡಗಳ ಮರೆಯಿರುವ ಕೊಲ್ಲಿಯ ಅಂಚಿಗೆ, ಸುಮಾರು ಎರಡು ಸಾವಿರ ಜನರ ಒಂದು ಬಂದರು ಪಟ್ಟಣವಿದೆ. ಜಗತ್ತಿಗೆ ಅದು ಡಿಂಗಲ್ ಎಂದು ಪರಿಚಿತ. ಸರ್ಕಾರ ಡಿಂಗಲ್ ಎಂಬ ರೂಪವನ್ನು ತೆಗೆದು ಐರಿಷ್ ರೂಪವೊಂದನ್ನು ಮಾತ್ರ ಅಧಿಕೃತವಾಗಿಸಿದ್ದರಿಂದ, 2005ರಿಂದ 2011ರವರೆಗೆ ಈ ಪುಟ್ಟ ಊರು ತನ್ನ ಹೆಸರಿಗಾಗಿ ತನ್ನದೇ ಸರ್ಕಾರದೊಡನೆ ವಾದಿಸಿತು, ಮತದಾನ ಮಾಡಿತು, ಕೊನೆಗೆ ಸಂಸತ್ತಿನ ಕಾಯಿದೆಯವರೆಗೂ ಹೋಯಿತು. ಆ ವಿವಾದ ಆಗ ಪತ್ರಿಕೆಗಳಲ್ಲಿ ಬಹುಮಟ್ಟಿಗೆ ಐರಿಷ್ ಭಾಷೆಗೂ ಪ್ರವಾಸೋದ್ಯಮಕ್ಕೂ ನಡೆದ ಜಗಳವಾಗಿ ಚಿತ್ರಿತವಾಯಿತು. ಹೆಸರಿನ ಹುಟ್ಟನ್ನು ತಾಳ್ಮೆಯಿಂದ ಹಿಂಬಾಲಿಸಿದರೆ ಬೇರೆಯೇ ಚಿತ್ರ ಕಾಣುತ್ತದೆ ಎಂಬುದು ನನ್ನ ಅಭಿಪ್ರಾಯ. ಈ ಮಾತುಗಳಲ್ಲಿ ನಾನು ಮಾಡಹೊರಟಿರುವುದು ಆ ಹಿಂಬಾಲಿಸುವ ಕೆಲಸವನ್ನೇ.

ಮೂಲದಿಂದ ಆರಂಭಿಸೋಣ. ಐರಿಷ್ ಭಾಷೆಯಲ್ಲಿ ‘ದ್ಯಾಂಗನ್’ ಎಂಬ ಒಂದು ಮಾತಿದೆ. ಗುಣವಾಚಕವಾಗಿ ಬಳಸಿದಾಗ ಅದಕ್ಕೆ ಗಟ್ಟಿಯಾದ, ಭದ್ರವಾದ, ಅಲುಗದ ಎಂಬ ಅರ್ಥಗಳಿವೆ. ನಾಮಪದವಾದಾಗ ಅದು ಭದ್ರವಾದ ನೆಲೆ, ಕೋಟೆ ಎಂದಾಗುತ್ತದೆ. ಇದು ಹಳೆಯ ಶಾಸನಗಳಲ್ಲಿ ಮಾತ್ರ ಉಳಿದ ಪದವಲ್ಲ. ಇಂದಿನ ಐರಿಷ್‌ನಲ್ಲಿಯೂ ಅದು ಬಳಕೆಯಲ್ಲಿದೆ, ಭದ್ರಪಡಿಸು ಎಂಬ ಕ್ರಿಯಾಪದವೂ ಅದೇ ಬೇರಿನಿಂದ ಬಂದಿದೆ. ಕೋಟೆಗೆ ಐರಿಷ್ ಭಾಷೆಯಲ್ಲಿ ಪದಗಳ ಬಡತನವೇನೂ ಇಲ್ಲ. ‘ಡೂನ್’ ಎಂದರೆ ಕೋಟೆ. ಡನಿಗಾಲ್ ಎಂಬ ಊರಿನ ಹೆಸರಿಗೆ ಪರಕೀಯರ ಕೋಟೆ ಎಂಬ ಅರ್ಥ ಬಂದದ್ದು ಅದರಿಂದ. ‘ಲಿಸ್’ ಎಂದರೆ ಮಣ್ಣಿನ ಏರಿ ಸುತ್ತುವರಿದ ದುಂಡನೆಯ ವಾಸಸ್ಥಾನ. ಲಿಸ್‌ಮೋರ್ ಎಂದರೆ ಅಂಥ ದೊಡ್ಡ ಆವರಣ. ‘ಕ್ಯಾಶಲ್’ ಎಂಬುದು ಲ್ಯಾಟಿನ್ನಿನಿಂದ ಬಂದು ಕಲ್ಲಿನ ಕೋಟೆಗೆ ನಿಂತ ಮಾತು. ಇವೆಲ್ಲ ಕಟ್ಟಡದ ಆಕಾರವನ್ನೋ ಬಗೆಯನ್ನೋ ಹೇಳುತ್ತವೆ. ದ್ಯಾಂಗನ್ ಮಾತ್ರ ಆಕಾರವನ್ನು ಹೇಳುವುದಿಲ್ಲ, ಆ ಜಾಗದ ಬಲವನ್ನು ಹೇಳುತ್ತದೆ. ಆದ್ದರಿಂದಲೇ ಅದು ಕೋಟೆಗೂ, ಶತ್ರುವಿಗೆ ಸುಲಭವಾಗಿ ದಕ್ಕದ ನೈಸರ್ಗಿಕ ನೆಲೆಗೂ ಸಮನಾಗಿ ಸಲ್ಲುವ ಹೆಸರಾಯಿತು.

ಆದರೆ ಇಂಥ ಹೆಸರಿಗೆ ಒಂದು ತೊಂದರೆಯಿದೆ. ಭದ್ರವಾದ ನೆಲೆಗಳು ಒಂದು ದೇಶದಲ್ಲಿ ಹಲವು ಇರುತ್ತವೆ. ಯಾರ ದ್ಯಾಂಗನ್ ಎಂದು ಹೇಳದಿದ್ದರೆ ಹೆಸರು ಪೂರ್ಣವಾಗುವುದಿಲ್ಲ. ಹಳೆಯ ಐರಿಷ್ ಬರಹಗಳಲ್ಲಿ ಕೆರಿಯ ಈ ಊರು ಕಾಣಿಸಿಕೊಳ್ಳುವುದು ‘ದ್ಯಾಂಗನ್ ಈ ಖೂಶ್’ ಎಂಬ ಉದ್ದನೆಯ ರೂಪದಲ್ಲಿ. ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು. ‘ಓ ಕೂಶ್’ ಎಂಬುದು ಒಂದು ಮನೆತನದ ಹೆಸರು. ಐರಿಷ್ ಮನೆತನದ ಹೆಸರುಗಳಲ್ಲಿ ಬರುವ ‘ಓ’ ಎಂದರೆ ಮೊಮ್ಮಗ, ವಂಶಸ್ಥ. ಷಷ್ಠೀ ವಿಭಕ್ತಿಯಲ್ಲಿ ಅದು ‘ಈ’ ಎಂದು ಬದಲಾಗುತ್ತದೆ. ಅದರ ಮುಂದಿನ ಹೆಸರಿನ ಮೊದಲ ವ್ಯಂಜನವೂ ಮೆದುವಾಗಿ, ‘ಕ’ಕಾರವು ಉರ್ದುವಿನ ‘ಖಬರ್’ ಎಂಬ ಮಾತಿನ ಮೊದಲ ಧ್ವನಿಯಂತೆ ಗಂಟಲಿನಲ್ಲಿ ಉಜ್ಜಿದ ಸದ್ದಾಗುತ್ತದೆ. ಹೀಗೆ ಓ ಕೂಶ್ ಎಂಬುದು ‘ಈ ಖೂಶ್’ ಆಗಿ, ಇಡೀ ಹೆಸರಿಗೆ ‘ಓ ಕೂಶ್ ಮನೆತನದವನ ಕೋಟೆ’ ಎಂಬ ಅರ್ಥ ಬರುತ್ತದೆ.

ಈ ಓ ಕೂಶ್ ಯಾರು ಎಂಬುದರ ಬಗ್ಗೆ ಎರಡು ವಾದಗಳು ಬೆಳೆದು ಬಂದಿವೆ. ಒಂದು ವಾದದ ಪ್ರಕಾರ ಆತ 12ನೇ ಶತಮಾನದಲ್ಲಿ ಫ್ರಾನ್ಸ್ ಮೂಲದ ಆಕ್ರಮಣಕಾರರಾದ ನಾರ್ಮನ್ನರು ಐರ್ಲೆಂಡಿಗೆ ಬರುವುದಕ್ಕೆ ಮೊದಲೇ ಈ ನೆಲದ ಒಡೆಯನಾಗಿದ್ದ ಗೇಲಿಕ್, ಅಂದರೆ ಐರಿಷ್ ಭಾಷೆಯಾಡುವ ಸ್ಥಳೀಯ, ಮುಖಂಡ. 19ನೇ ಶತಮಾನದ ಐರಿಷ್ ವಿದ್ವಾಂಸರು ಎತ್ತಿ ಹಿಡಿದದ್ದು ಇದನ್ನೇ. ಇನ್ನೊಂದು ವಾದ ಈ ಹೆಸರನ್ನು ಹಸ್ಸಿ ಎಂಬ ನಾರ್ಮನ್ ಮೂಲದ ಮನೆತನಕ್ಕೆ ಸಲ್ಲಿಸುತ್ತದೆ. ಹಸ್ಸಿ ಮನೆತನದವರು ಡಿಂಗಲ್ ಪರ್ಯಾಯ ದ್ವೀಪದಲ್ಲಿ ಭೂಮಿಯನ್ನು ಹೊಂದಿದ್ದವರು, ಮುಖ್ಯರಾದವರು. ಹಾಗಾಗಿ ‘ಹಸ್ಸಿಯವರ ಕೋಟೆ’ ಎಂಬ ವಿವರಣೆ ಕೇಳಲು ಸಹಜವಾಗಿಯೇ ಇದೆ. ನನಗೆ ಮೊದಲ ವಾದವೇ ಹೆಚ್ಚು ಒಪ್ಪಿಗೆಯಾಗುತ್ತದೆ, ಅದಕ್ಕೆ ಕಾರಣ ವ್ಯಾಕರಣ. ‘ಈ’ ಎಂಬುದು ‘ಓ’ ಎಂಬ ಗೇಲಿಕ್ ಮನೆತನದ ಗುರುತಿನ ಷಷ್ಠೀ ರೂಪ. ಅದು ನಾರ್ಮನ್ ಮನೆತನದ ಹೆಸರಿಗೆ ಅಂಟಿಕೊಳ್ಳುವುದು ಸಾಮಾನ್ಯವಲ್ಲ. ಜೊತೆಗೆ, ಗಂಟಲಿನ ಆ ಉಜ್ಜಿದ ‘ಖ’ ಸದ್ದು ಇಂಗ್ಲಿಷ್ ಕಿವಿಗೆ ‘ಹ’ಕಾರದಂತೆ ಕೇಳಿಸುವುದು ಸಾಧ್ಯ. ಖೂಶ್ ಎಂಬುದನ್ನು ಹೂಶ್ ಎಂದು ಕೇಳಿಸಿಕೊಂಡವರು, ಎದುರಿಗೇ ಹಸ್ಸಿ ಎಂಬ ಶ್ರೀಮಂತ ಮನೆತನ ಇರುವಾಗ, ಎರಡನ್ನೂ ಕೂಡಿಸಿದರೆ ಆಶ್ಚರ್ಯಪಡಬೇಕಿಲ್ಲ. ಪ್ರಬಲರಾದವರ ಹೆಸರು ಹಳೆಯ ಹೆಸರುಗಳ ಅರ್ಥವನ್ನು ತನ್ನ ಕಡೆಗೆ ಎಳೆದುಕೊಳ್ಳುವುದನ್ನು ಸ್ಥಳನಾಮಗಳ ಅಧ್ಯಯನದಲ್ಲಿ ಮತ್ತೆ ಮತ್ತೆ ಕಾಣುತ್ತೇವೆ.

ಇನ್ನು ದ್ಯಾಂಗನ್ ಎಂಬುದು ಡಿಂಗಲ್ ಆದ ಬಗೆ. ಮಧ್ಯಯುಗದ ಕೊನೆಯ ಹೊತ್ತಿಗೆ ಈ ಊರು ಐರ್ಲೆಂಡಿನ ಪಶ್ಚಿಮ ಕರಾವಳಿಯ ಮುಖ್ಯ ಬಂದರುಗಳಲ್ಲಿ ಒಂದಾಗಿತ್ತು. ಸ್ಪೇನ್ ಮತ್ತು ಫ್ರಾನ್ಸ್ ದೇಶಗಳೊಡನೆ ಅದಕ್ಕೆ ವ್ಯಾಪಾರವಿತ್ತು. ಮದ್ಯ ಒಳಬರುತ್ತಿತ್ತು, ಮೀನು ಮತ್ತು ಚರ್ಮ ಹೊರಹೋಗುತ್ತಿದ್ದವು. ಸ್ಪೇನಿನಲ್ಲಿರುವ ಸಂತ ಜೇಮ್ಸನ ಸಾಂತಿಯಾಗೊ ಕ್ಷೇತ್ರಕ್ಕೆ ಹೊರಡುವ ಯಾತ್ರಿಕರು ಇಲ್ಲಿಂದ ಹಡಗು ಹತ್ತುತ್ತಿದ್ದರೆಂಬ ಪ್ರತೀತಿಯೂ ಇದೆ, ಊರಿನ ಚರ್ಚು ಸಂತ ಜೇಮ್ಸನಿಗೆ ಅರ್ಪಿತವಾದದ್ದು. 1607ರಲ್ಲಿ ಇಂಗ್ಲೆಂಡಿನ ದೊರೆ ಮೊದಲನೆಯ ಜೇಮ್ಸ್ ಊರಿಗೆ ಸನ್ನದು ಕೊಟ್ಟು ಅದನ್ನು ಅಧಿಕೃತ ಪಟ್ಟಣವನ್ನಾಗಿ ಮಾಡಿದ. ಇಂಥ ಊರಿನ ಹೆಸರನ್ನು ಇಂಗ್ಲಿಷ್ ಬಲ್ಲ ಗುಮಾಸ್ತರು, ನಾವಿಕರು, ಭೂಪಟ ತಯಾರಕರು ತಮಗೆ ಕೇಳಿಸಿದಂತೆ ಬರೆಯಲೇಬೇಕಾಗಿತ್ತು. 16ನೇ ಶತಮಾನದ ಮೊದಲನೆಯ ಎಲಿಜಬೆತ್ ರಾಣಿಯ ಕಾಲದ ಸುಮಾರಿಗೆ ದಾಖಲೆಗಳಲ್ಲಿ ‘ಡಿಂಗಲ್ ಇ ಕೂಶ್’ ಎಂಬಂಥ ರೂಪಗಳು ದೊರೆಯುತ್ತವೆ. ಈ ರೂಪವನ್ನು ಗಮನವಿಟ್ಟು ನೋಡಿ. ಮನೆತನದ ಹೆಸರು ಇನ್ನೂ ಅಲ್ಲೇ ಇದೆ, ಷಷ್ಠೀ ವಿಭಕ್ತಿಯ ‘ಇ’ ಕೂಡ ಇದೆ. ಬರೆದವನಿಗೆ ಅರ್ಥ ತಿಳಿದಿತ್ತೋ ಇಲ್ಲವೋ, ಅವನ ಕಿವಿ ಮಾತ್ರ ಪ್ರಾಮಾಣಿಕವಾಗಿತ್ತು. ಬದಲಾದದ್ದು ಮುಖ್ಯವಾಗಿ ಒಂದೇ: ದ್ಯಾಂಗನ್ ಎಂಬುದರ ಕೊನೆಯ ‘ನ’ಕಾರ ‘ಲ’ಕಾರವಾಯಿತು.

ಈ ಬದಲಾವಣೆ ಆಕಸ್ಮಿಕವಲ್ಲ. ಒಂದೇ ಪದದಲ್ಲಿ ಎರಡು ಅನುನಾಸಿಕಗಳು ಹತ್ತಿರ ಹತ್ತಿರ ಬಂದಾಗ, ನಾಲಿಗೆ ಅವುಗಳಲ್ಲಿ ಒಂದನ್ನು ‘ಲ’ ಅಥವಾ ‘ರ’ಕಾರಕ್ಕೆ ತಿರುಗಿಸಿಕೊಳ್ಳುವುದು ಹಲವು ಭಾಷೆಗಳಲ್ಲಿ ಕಂಡುಬರುವ ಪ್ರವೃತ್ತಿ. ಐರ್ಲೆಂಡಿನಲ್ಲೇ ಇದಕ್ಕೆ ಇನ್ನೂ ದೊಡ್ಡ ಊರಿನ ಸಾಕ್ಷ್ಯವಿದೆ. ಲಿಮರಿಕ್ ನಗರದ ಐರಿಷ್ ಹೆಸರು ‘ಲಿಮ್ನಖ್’. ಮಕಾರದ ಪಕ್ಕದಲ್ಲಿದ್ದ ನಕಾರ ಇಂಗ್ಲಿಷ್ ಬಾಯಿಯಲ್ಲಿ ರಕಾರವಾಗಿ ಲಿಮರಿಕ್ ಹುಟ್ಟಿತು. ಡಿಂಗಲ್ ಹೆಸರಿನಲ್ಲಿ ನಡೆದದ್ದೂ ಇದೇ ಬಗೆಯ ಕೆಲಸ. ಇಂಗ್ಲಿಷ್ ಭಾಷೆಯಲ್ಲಿ ಮರಗಳಿಂದ ತುಂಬಿದ ಸಣ್ಣ ಕಣಿವೆಗೆ ‘ಡಿಂಗಲ್’ ಎಂಬ ಮಾತು ಹಿಂದಿನಿಂದಲೂ ಇರುವುದರಿಂದ ಊರಿನ ಹೆಸರು ಅದೇ ಇರಬೇಕೆಂದು ಊಹಿಸುವವರಿದ್ದಾರೆ. ಆ ಪರಿಚಿತ ಮಾತಿನ ಸದ್ದು ‘ಲ’ಕಾರ ನೆಲೆಯೂರಲು ನೆರವಾಗಿರಬಹುದು, ಆದರೆ ಊರಿನ ಹೆಸರಿನ ಮೂಲ ಅದಲ್ಲ. ಮನೆತನದ ಹೆಸರನ್ನು ಹೊತ್ತ ಹಳೆಯ ರೂಪಗಳೇ ಆ ಊಹೆಯನ್ನು ತಳ್ಳಿಹಾಕುತ್ತವೆ.

ಮುಂದೆ ಕಾಲಕ್ರಮದಲ್ಲಿ ಇಂಗ್ಲಿಷ್ ರೂಪದ ಬಾಲ ಉದುರಿತು, ‘ಡಿಂಗಲ್’ ಮಾತ್ರ ಉಳಿಯಿತು. ಐರಿಷ್ ಆಡುಮಾತಿನಲ್ಲಿಯೂ ಅದೇ ಆಯಿತು. ಸುತ್ತಲಿನ ಹಳ್ಳಿಗಳ ಐರಿಷ್ ಭಾಷಿಕರು ಪೇಟೆಗೆ ಹೋಗುವಾಗ ‘ಅನ್ ದ್ಯಾಂಗನ್’ ಎನ್ನುತ್ತಿದ್ದರು. ಇಲ್ಲಿ ‘ಅನ್’ ಎಂಬುದು ನಿರ್ದಿಷ್ಟತೆಯನ್ನು ಸೂಚಿಸುವ ಉಪಪದ, ಅಂದರೆ ‘ಆ ಕೋಟೆ’. ಸುತ್ತಮುತ್ತ ಬೇರೆ ದ್ಯಾಂಗನ್ ಇಲ್ಲದಿರುವಾಗ ಯಾರದು ಎಂದು ಹೇಳುವ ಅಗತ್ಯ ಮನೆಯವರಿಗೆ ಇರುವುದಿಲ್ಲ. ಉದ್ದನೆಯ ಹೆಸರು ಬರಹದಲ್ಲೂ ನೆನಪಿನಲ್ಲೂ ಉಳಿಯಿತು, ಸಣ್ಣ ಹೆಸರು ಸಂತೆಯಲ್ಲೂ ದಾರಿಯಲ್ಲೂ ಓಡಾಡಿತು. ಒಂದು ಊರಿಗೆ ಏಕಕಾಲದಲ್ಲಿ ಹೀಗೆ ಎರಡು ಐರಿಷ್ ರೂಪಗಳು ಇದ್ದವೆಂಬುದನ್ನು ನೆನಪಿಡಬೇಕು, ಮುಂದಿನ ಜಗಳದ ಗಂಟು ಇರುವುದು ಅಲ್ಲೇ.

ಈಗ ಐರ್ಲೆಂಡಿನ ನಡುನಾಡಿನಲ್ಲಿರುವ ಆಫಲಿ ಕೌಂಟಿಗೆ ಬರೋಣ. ಅಲ್ಲಿ ಓ ಕಾನರ್ ಫಾಲಿ ಎಂಬ ಬಲಿಷ್ಠ ಗೇಲಿಕ್ ಮನೆತನದ ಕೋಟೆಯೊಂದಿತ್ತು. ಅದರ ಹೆಸರೂ ದ್ಯಾಂಗನ್, ಅದಕ್ಕೂ ಆಫಲಿಯವರ ದ್ಯಾಂಗನ್ ಎಂಬ ಅರ್ಥದ ಉದ್ದನೆಯ ರೂಪವಿತ್ತು. 16ನೇ ಶತಮಾನದ ನಡುವೆ ಇಂಗ್ಲಿಷ್ ಆಡಳಿತ ಈ ಪ್ರದೇಶವನ್ನು ವಶಪಡಿಸಿಕೊಂಡು ಇಂಗ್ಲಿಷ್ ಒಕ್ಕಲುಗಳನ್ನು ತಂದು ಕೂರಿಸಲು ನಿರ್ಧರಿಸಿತು. ಆಗ ಇಂಗ್ಲೆಂಡಿನ ಸಿಂಹಾಸನದಲ್ಲಿದ್ದವಳು ಮೇರಿ, ಅವಳ ಪತಿ ಸ್ಪೇನಿನ ಫಿಲಿಪ್. 1556ರ ಕಾಯಿದೆಯಿಂದ ಲೀಶ್ ಪ್ರದೇಶ ‘ರಾಣಿಯ ಕೌಂಟಿ’ ಆಯಿತು, ಅದರ ಕೋಟೆ ಮೇರಿಬರೊ ಆಯಿತು. ಆಫಲಿ ‘ರಾಜನ ಕೌಂಟಿ’ಯಾಗಿ ಅಲ್ಲಿನ ದ್ಯಾಂಗನ್‌ಗೆ ಫಿಲಿಪ್ಸ್‌ಟೌನ್ ಎಂದು ಹೆಸರಿಡಲಾಯಿತು. ಪೂರ್ವದ ಫಿಲಿಪ್ಪೀನ್ಸ್ ದ್ವೀಪಗಳಿಗೂ ಐರ್ಲೆಂಡಿನ ಜೌಗು ನೆಲದ ಈ ಸಣ್ಣ ಊರಿಗೂ ಹೆಸರು ಕೊಟ್ಟವನು ಒಬ್ಬನೇ ಫಿಲಿಪ್. ಸ್ವಾತಂತ್ರ್ಯದ ನಂತರ ಐರಿಷ್ ಜನ ಮೇರಿಬರೊವನ್ನು ಪೋರ್ಟ್‌ಲೀಶ್ ಎಂದೂ ಫಿಲಿಪ್ಸ್‌ಟೌನ್ ಅನ್ನು ಮತ್ತೆ ದ್ಯಾಂಗನ್ ಎಂದೂ ಕರೆದುಕೊಂಡರು. ಅದು ನ್ಯಾಯವಾದ ಕೆಲಸ. ಕಾರ್ಕ್ ಕೌಂಟಿಯ ಬಂದರೊಂದಕ್ಕೆ 1849ರಲ್ಲಿ ವಿಕ್ಟೋರಿಯಾ ರಾಣಿ ಬಂದುಹೋದ ನೆನಪಿಗೆ ಕ್ವೀನ್ಸ್‌ಟೌನ್ ಎಂದು ಹೆಸರಿಟ್ಟಿದ್ದರು. ಅದು ಮರಳಿ ಕೋವ್ ಆದದ್ದೂ ಇದೇ ಕಾಲಘಟ್ಟದ ಮಾತು.

ಕೆರಿ ಮತ್ತು ಆಫಲಿಗಳ ಈ ಎರಡು ಊರುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನಾನು ಹೇಳಬೇಕೆಂದಿರುವುದು ಸ್ಪಷ್ಟವಾಗುತ್ತದೆ. ಮೂಲದಲ್ಲಿ ಎರಡೂ ದ್ಯಾಂಗನ್. ಒಂದರ ಮೇಲೆ ಆಳುವವರು ತಮ್ಮ ದೊರೆಯ ಹೆಸರನ್ನು ಹೇರಿದರು. ಅಲ್ಲಿ ಹಳೆಯ ಹೆಸರಿಗೂ ಹೊಸ ಹೆಸರಿಗೂ ಯಾವ ಸಂಬಂಧವೂ ಇರಲಿಲ್ಲ, ಹೊಸದನ್ನು ತೆಗೆದ ಕೂಡಲೇ ಹಳೆಯದು ತನ್ನ ಜಾಗಕ್ಕೆ ಮರಳಿತು. ಇನ್ನೊಂದರಲ್ಲಿ ಯಾರೂ ಹೆಸರನ್ನು ಹೇರಲಿಲ್ಲ. ಐರಿಷ್ ಮಾತೇ ಶತಮಾನಗಳ ಕಾಲ ಪರಭಾಷೆಯ ಬಾಯಿಗಳಲ್ಲಿ ಸವೆದು ಡಿಂಗಲ್ ಆಯಿತು. ಡಿಂಗಲ್ ಎಂಬುದು ಇಂಗ್ಲಿಷ್ ರೂಪವೇ ಹೊರತು ಇಂಗ್ಲಿಷ್ ಹೆಸರಲ್ಲ. ಹೇರಿದ ಹೆಸರನ್ನೂ ಸವೆದ ಹೆಸರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಇತಿಹಾಸಕ್ಕೆ ಮಾಡುವ ಅನ್ಯಾಯ.

ಇದೇ ಮಾತಿನ ಮೂರನೆಯ ಕವಲೊಂದು ನಮ್ಮ ನಾಡಿನ ಚರಿತ್ರೆಯನ್ನೂ ಮುಟ್ಟುತ್ತದೆ. ದ್ಯಾಂಗನ್ ಎಂಬುದನ್ನು ಹೆಚ್ಚು ಕೆಡಿಸದೆ ಇಂಗ್ಲಿಷ್‌ಗೆ ತಂದಾಗ ಬರುವ ರೂಪ ‘ಡ್ಯಾಂಗನ್’. ಐರ್ಲೆಂಡಿನ ಹಲವು ಹಳ್ಳಿ, ಜಮೀನುಗಳಿಗೆ ಈ ಹೆಸರಿದೆ. ಮೀತ್ ಕೌಂಟಿಯ ಡ್ಯಾಂಗನ್ ಕ್ಯಾಸಲ್ ಅವುಗಳಲ್ಲಿ ಪ್ರಸಿದ್ಧವಾದದ್ದು, ಏಕೆಂದರೆ ಅದು ವೆಲ್ಲೆಸ್ಲಿ ಮನೆತನದ ಮನೆ. 1798ರಲ್ಲಿ ಗವರ್ನರ್ ಜನರಲ್ ಆಗಿ ಬಂದು ಟಿಪ್ಪು ಸುಲ್ತಾನನ ಮೇಲೆ ಯುದ್ಧ ಹೂಡಿದ ರಿಚರ್ಡ್ ವೆಲ್ಲೆಸ್ಲಿ 1760ರಲ್ಲಿ ಹುಟ್ಟಿದ್ದು ಅಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಕೋಟೆಯ ಆಡಳಿತ ವಹಿಸಿಕೊಂಡ ಅವನ ತಮ್ಮ ಆರ್ಥರ್, ಮುಂದೆ ವೆಲಿಂಗ್ಟನ್ ಡ್ಯೂಕ್ ಎನಿಸಿಕೊಂಡವನು, ಬಾಲ್ಯ ಕಳೆದದ್ದೂ ಅದೇ ಡ್ಯಾಂಗನ್‌ನಲ್ಲಿ.

ಹೆಸರುಗಳು ಹೀಗೆ ಕಿವಿಯಿಂದ ಕಿವಿಗೆ ದಾಟುತ್ತಿದ್ದ ಕಾಲ 19ನೇ ಶತಮಾನದಲ್ಲಿ ಮುಗಿಯಿತು. 1824ರಲ್ಲಿ ಆರಂಭವಾದ ಆರ್ಡ್‌ನೆನ್ಸ್ ಸರ್ವೆ ಐರ್ಲೆಂಡನ್ನು ಒಂದು ಮೈಲಿಗೆ ಆರು ಅಂಗುಲದ ಪ್ರಮಾಣದಲ್ಲಿ ಅಳೆದು ನಕ್ಷೆ ಮಾಡಿತು. ತೆರಿಗೆಗಾಗಿ ನಡೆದ ಈ ಕೆಲಸಕ್ಕೆ ಊರು, ಹಳ್ಳಿ, ಜಮೀನುಗಳ ಹೆಸರುಗಳನ್ನು ಒಂದೇ ಕಾಗುಣಿತದಲ್ಲಿ ನಿಲ್ಲಿಸುವುದು ಅಗತ್ಯವಾಯಿತು. 1830ರಲ್ಲಿ ಈ ಕೆಲಸಕ್ಕೆ ಸೇರಿದ ಜಾನ್ ಓ ಡಾನವನ್ ಎಂಬ ವಿದ್ವಾಂಸ ಕೌಂಟಿಯಿಂದ ಕೌಂಟಿಗೆ ಹೋಗಿ, ಹಳೆಯ ದಾಖಲೆಗಳ ರೂಪಗಳನ್ನು ಕೂಡಿಸಿ, ಐರಿಷ್ ಬಲ್ಲ ಹಿರಿಯರ ಬಾಯಿಂದ ಹೆಸರನ್ನು ಕೇಳಿಸಿಕೊಂಡು, ಮೂಲ ರೂಪ ಮತ್ತು ಅರ್ಥವನ್ನು ನಿರ್ಧರಿಸುತ್ತಿದ್ದ. ಕೆಲವೇ ವರ್ಷಗಳ ನಂತರ, 1845ರಲ್ಲಿ ಆರಂಭವಾದ ಮಹಾಕ್ಷಾಮ ಐರಿಷ್ ಮಾತನಾಡುವ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡಿತು ಅಥವಾ ದೇಶ ಬಿಡಿಸಿತು. ಆ ಹಿರಿಯರ ಉಚ್ಚಾರಣೆ ಅಷ್ಟರೊಳಗೆ ಕಾಗದಕ್ಕೆ ಇಳಿದಿತ್ತೆಂಬುದು ಐರ್ಲೆಂಡಿನ ದೊಡ್ಡ ಭಾಗ್ಯ. ಆದರೆ ಅಚ್ಚಾದ ನಕ್ಷೆಯ ಮೇಲೆ ಬಂದದ್ದು ಇಂಗ್ಲಿಷ್ ರೂಪಗಳೇ. ಐರಿಷ್ ರೂಪಗಳು ಸರ್ವೆಯ ಹಸ್ತಪ್ರತಿ ಪುಸ್ತಕಗಳಲ್ಲಿ ಉಳಿದುಹೋದವು.

ಸ್ವತಂತ್ರ ಐರ್ಲೆಂಡ್ ಈ ನಷ್ಟವನ್ನು ತುಂಬಿಕೊಳ್ಳಲು ಹೊರಟಿತು. 1946ರಲ್ಲಿ ಸ್ಥಳನಾಮಗಳ ಆಯೋಗ ರಚನೆಯಾಗಿ, ಪ್ರತಿ ಊರಿನ ಅಧಿಕೃತ ಐರಿಷ್ ರೂಪವನ್ನು ಸಂಶೋಧಿಸುವ ದೀರ್ಘ ಕೆಲಸ ಶುರುವಾಯಿತು. 2003ರಲ್ಲಿ ಅಧಿಕೃತ ಭಾಷೆಗಳ ಕಾಯಿದೆ ಬಂದಿತು. ಐರಿಷ್ ಇನ್ನೂ ಸಮುದಾಯದ ಭಾಷೆಯಾಗಿ ಉಳಿದಿರುವ, ಸರ್ಕಾರ ಗುರುತಿಸಿದ ಪ್ರದೇಶಗಳಿಗೆ ಗೇಲ್ತಖ್ತ್ ಎಂದು ಹೆಸರು. ಡಿಂಗಲ್ ಪಟ್ಟಣವೂ ಅದರ ಪಶ್ಚಿಮದ ಹಳ್ಳಿಗಳೂ ಅದರೊಳಗೆ ಬರುತ್ತವೆ, ಪಟ್ಟಣದ ಬೀದಿಗಳಲ್ಲಿ ಇಂಗ್ಲಿಷ್ ಹೆಚ್ಚಾಗಿ ಕೇಳಿಸಿದರೂ ಸಹ. ಕಾಯಿದೆಯ ಪ್ರಕಾರ ಗೇಲ್ತಖ್ತ್ ಊರುಗಳ ಐರಿಷ್ ಹೆಸರನ್ನು ಸಚಿವರು ಆಜ್ಞೆಯ ಮೂಲಕ ಘೋಷಿಸಿದ ಮೇಲೆ ಇಂಗ್ಲಿಷ್ ರೂಪಕ್ಕೆ ಸರ್ಕಾರಿ ನಕ್ಷೆಯಲ್ಲಿ, ರಸ್ತೆ ಫಲಕದಲ್ಲಿ, ಕಾಯಿದೆಗಳಲ್ಲಿ ಸ್ಥಾನವಿಲ್ಲ. ಸಚಿವ ಏಮನ್ ಓ ಕೀವ್ 2004ರಲ್ಲಿ ಹೊರಡಿಸಿದ ಅಂಥ ಆಜ್ಞೆ 2005ರ ಮಾರ್ಚ್ 28ರಂದು, ಈಸ್ಟರ್ ಸೋಮವಾರದ ದಿನ, ಜಾರಿಗೆ ಬಂದಿತು. ಡಿಂಗಲ್ ಅಂದಿನಿಂದ ಅಧಿಕೃತವಾಗಿ ‘ಅನ್ ದ್ಯಾಂಗನ್’ ಮಾತ್ರ ಆಯಿತು.

ಆ ಆಜ್ಞೆಯ ಹಿಂದಿನ ಉದ್ದೇಶವನ್ನು ನಾನು ಗೌರವಿಸುತ್ತೇನೆ. ತನ್ನ ನೆಲದ ಫಲಕಗಳಿಂದಲೇ ಹೊರದೂಡಲ್ಪಟ್ಟಿದ್ದ ಭಾಷೆಯೊಂದಕ್ಕೆ, ಅದು ಇನ್ನೂ ಉಸಿರಾಡುತ್ತಿರುವ ಕೆಲವೇ ಹಳ್ಳಿಗಳಲ್ಲಾದರೂ ಮೊದಲ ಸ್ಥಾನ ಸಿಗಬೇಕೆಂಬುದು ಸರಿಯಾದ ಆಸೆ. ಆಡುಮಾತಿನ ರೂಪವನ್ನು ಆರಿಸಿದ್ದಕ್ಕೂ ಸಮರ್ಥನೆಯಿದೆ. ಆದರೆ ಈ ಊರಿನ ವಿಷಯದಲ್ಲಿ ಅದು ಎರಡು ಕಡೆ ತಪ್ಪಿತು. ಪ್ರವಾಸಿಗರ ಕೈಯಲ್ಲಿದ್ದ ನಕ್ಷೆಗಳಲ್ಲಿ, ಪುಸ್ತಕಗಳಲ್ಲಿ ಇದ್ದ ಹೆಸರು ದಾರಿಯ ಫಲಕದಲ್ಲಿ ಇಲ್ಲವಾಯಿತು. ಊರಿನ ಜೀವನಾಧಾರ ಬಹುಪಾಲು ಆ ಪ್ರವಾಸಿಗರೇ. ಇದು ಎಲ್ಲರೂ ಹೇಳಿದ ದೂರು. ಅದಕ್ಕಿಂತ ಆಳವಾದ ದೂರು ಇನ್ನೊಂದು: ಓ ಕೂಶ್ ಹೆಸರು ಬಿಟ್ಟುಹೋಗಿ, ಕೆರಿಯ ಬಂದರಿಗೂ ಆಫಲಿಯ ದ್ಯಾಂಗನ್‌ಗೂ ಒಂದು ಉಪಪದದ ವ್ಯತ್ಯಾಸ ಮಾತ್ರ ಉಳಿಯಿತು. ಮನೆಯವರ ನಡುವೆ ಸಾಕಾಗುವ ಸಣ್ಣ ಹೆಸರು ಇಡೀ ದೇಶದ ನಕ್ಷೆಯಲ್ಲಿ ಸಾಕಾಗುವುದಿಲ್ಲ. ಹಿಂದಿನವರು ಕೋಟೆಯ ಜೊತೆಗೆ ಒಡೆಯನ ಹೆಸರನ್ನು ಸೇರಿಸಿ ಹೇಳಿದ್ದು ಇದಕ್ಕಾಗಿಯೇ.

ಫಲಕಗಳ ಮೇಲೆ ಕೆಲವರು ಬಣ್ಣದಿಂದ ಡಿಂಗಲ್ ಎಂದು ಬರೆದರು. ಸಭೆಗಳಾದವು, ಮನವಿಗಳು ಹೋದವು. 2006ರ ಅಕ್ಟೋಬರ್‌ನಲ್ಲಿ ಊರಿನ ಮತದಾರರ ಅಭಿಪ್ರಾಯ ಕೇಳಲಾಯಿತು. ಅವರ ಮುಂದಿದ್ದ ಪ್ರಸ್ತಾಪ ಎರಡು ಭಾಷೆಗಳ ಹೆಸರಿನದು: ಇಂಗ್ಲಿಷ್‌ನಲ್ಲಿ ಡಿಂಗಲ್, ಐರಿಷ್‌ನಲ್ಲಿ ದ್ಯಾಂಗನ್ ಈ ಖೂಶ್. ಪರವಾಗಿ 1,005 ಮತಗಳು, ವಿರುದ್ಧವಾಗಿ 70 ಮತಗಳು ಬಿದ್ದವು. ಈ ಅಂಕಿಗಳನ್ನು ಐರಿಷ್ ಭಾಷೆಯ ಸೋಲು ಎಂದು ಓದಿದವರಿದ್ದರು. ನಾನು ಹಾಗೆ ಓದಲಾರೆ. ಊರಿನವರು ಬೇಡವೆಂದದ್ದು ಮೊಟಕುಗೊಂಡ ಐರಿಷ್ ರೂಪವನ್ನು; ಅದರ ಬದಲಿಗೆ ಅವರು ಕೇಳಿದ ಐರಿಷ್ ರೂಪ ಸರ್ಕಾರದ್ದಕ್ಕಿಂತ ಹಳೆಯದು, ಉದ್ದವಾದದ್ದು, ಓ ಕೂಶ್ ಮನೆತನವನ್ನು ಉಳಿಸಿಕೊಂಡದ್ದು. ಐರಿಷ್ ಭಾಷೆಯನ್ನು ಕೈಬಿಡಬೇಕೆಂದಿದ್ದರೆ ಅವರು ಷಷ್ಠೀ ವಿಭಕ್ತಿಯ ಸಮೇತ ಪೂರ್ತಿ ಹೆಸರನ್ನು ಕೇಳುವ ಅಗತ್ಯವೇ ಇರಲಿಲ್ಲ.

ಇಷ್ಟು ಸ್ಪಷ್ಟವಾದ ಫಲಿತಾಂಶವೂ ತಕ್ಷಣ ಜಾರಿಯಾಗಲಿಲ್ಲ. ಊರಿನ ಹೆಸರನ್ನು ಮತದಾನದಿಂದ ಬದಲಾಯಿಸುವ ಹಳೆಯ ಕಾನೂನು ಒಂದು ಕಡೆ, ಗೇಲ್ತಖ್ತ್ ಹೆಸರುಗಳ ಹೊಸ ಕಾಯಿದೆ ಇನ್ನೊಂದು ಕಡೆ; ಇವೆರಡೂ ಒಂದಕ್ಕೊಂದು ಹೊಂದಿಕೊಳ್ಳದೆ ವಿಷಯ ವರ್ಷಗಳ ಕಾಲ ನೆನೆಗುದಿಗೆ ಬಿದ್ದಿತು. ಕೊನೆಗೆ 2011ರಲ್ಲಿ ಪರಿಸರಕ್ಕೆ ಸಂಬಂಧಿಸಿದ ವಿವಿಧ ವಿಷಯಗಳ ಕಾಯಿದೆಯೊಂದರಲ್ಲಿ ಈ ಊರಿಗಾಗಿಯೇ ಒಂದು ಕಲಮು ಸೇರಿಸಿ, ಇಂಗ್ಲಿಷ್ ಭಾಷೆಯಲ್ಲಿ ಡಿಂಗಲ್ ಎಂದೂ ಐರಿಷ್ ಭಾಷೆಯಲ್ಲಿ ದ್ಯಾಂಗನ್ ಈ ಖೂಶ್ ಎಂದೂ ಹೆಸರನ್ನು ನಿಗದಿಪಡಿಸಲಾಯಿತು. ಈ ವಿನಾಯಿತಿ ದೊರೆತದ್ದು ಡಿಂಗಲ್ ಒಂದಕ್ಕೆ ಮಾತ್ರ. 2004ರ ಆಜ್ಞೆಯ ತತ್ತ್ವ ಗೇಲ್ತಖ್ತ್‌ನ ಉಳಿದ ಊರುಗಳಿಗೆ ಮುಂದುವರಿಯಿತು. ಅವುಗಳಲ್ಲಿ ಯಾವುದು ಹೇರಿದ ಹೆಸರು, ಯಾವುದು ಸವೆದ ಹೆಸರು ಎಂಬುದನ್ನು ಒಂದೊಂದಾಗಿ ಬಿಡಿಸಿ ನೋಡಲು ಬೇಕಾದ ದಾಖಲೆಗಳು ಓ ಡಾನವನ್ ಮತ್ತು ಅವನ ನಂತರದವರ ದುಡಿಮೆಯಿಂದ ಇಂದು ಐರ್ಲೆಂಡಿನ ಬಳಿ ಇವೆ.